ಲೈಬ್ರರಿ ಸರ್ವರಿನ ಪಾಲುಪಟ್ಟಿ

ಆಟಿಯ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಏಳೂವರೆಗೆ ಮಾಷ್ಟ್ರ ಫೋನು. “ಕೂಟ ಕೇಳುವುದಿಲ್ಲ ಮಾರಾಯ. ಪುಸ್ತಕವೂ ತೆರೆಯುವುದಿಲ್ಲ. ಪರದೆ ಪೂರಾ ಬಿಳಿ.”

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಲೈಬ್ರರಿ ಇದೆ. ಮಾಷ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ಹಿಡಿದ ಕೆಲಸ ಎರಡು. ಊರವರ ಅಟ್ಟಗಳಲ್ಲಿ ಬೂಸರು ಹಿಡಿಯುತ್ತಿರುವ ತಾಳಮದ್ದಳೆ ಕೂಟಗಳ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು ಒಂದು. ಹಳೆ ಪ್ರಸಂಗ ಪುಸ್ತಕ, ಸ್ಮರಣ ಸಂಚಿಕೆ, ನಿಂತುಹೋದ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಿಡುವುದು ಇನ್ನೊಂದು. ನನ್ನ ಪಾಲಿಗೆ ಬಂದದ್ದು ಸರ್ವರ್. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಊರಲ್ಲಿ ಇಂಥದ್ದೆಲ್ಲ ತಾನಾಗಿ ಬರುತ್ತದೆ.

ಸರ್ವರ್ ಅಂದರೆ ಭಾರೀ ಏನಲ್ಲ. ಒಂದು ಡೆಸ್ಕ್‌ಟಾಪ್ ಪೆಟ್ಟಿಗೆ, 16 ಜಿಬಿ ರ‍್ಯಾಮ್, 512 ಜಿಬಿಯ ಒಂದು ಎಸ್‌ಎಸ್‌ಡಿ. ಅದರ ಮೇಲೆ ಡೆಬಿಯನ್ ಎಂಬ ಲಿನಕ್ಸ್ ಓಎಸ್, ಅದರ ಮೇಲೆ ಡಾಕರ್, ಅದರಲ್ಲಿ 9 ಕಂಟೇನರ್. ಇಮೇಜು ಎಂಬ ಸಿದ್ಧ ಅಚ್ಚಿನಿಂದ ಒಂದೊಂದು ಪ್ರೋಗ್ರಾಮನ್ನು ಅದರದೇ ಡಬ್ಬಿಯಲ್ಲಿ ಓಡಿಸುವುದು ಡಾಕರಿನ ಕೆಲಸ, ಆ ಡಬ್ಬಿಯೇ ಕಂಟೇನರ್. ಹಾಡು ಕೇಳಿಸಲು ನಾವಿಡ್ರೋಮ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಪಟ್ಟಿ ಇಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅಕ್ಷರ ಓದಿಸಲು ಟೆಸೆರಾಕ್ಟ್. ಈ ಗಡಿಯ ಕಾಗದಪತ್ರಗಳಲ್ಲಿ ಒಂದೇ ಪುಟದಲ್ಲಿ ಕನ್ನಡವೂ ಮಲಯಾಳವೂ ಇರುವುದು ಮಾಮೂಲು. ಟೆಸೆರಾಕ್ಟಿಗೆ ಎರಡು ಭಾಷೆ ಒಟ್ಟಿಗೆ ಕೊಡಬಹುದು, ಅದೊಂದು ಅನುಕೂಲ. ಉಳಿದವು ಚಿಲ್ಲರೆ.

ಹೋಗಿ ನೋಡಿದೆ. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಕಮಾಂಡ್ ಕೊಟ್ಟರೆ ಶೇಕಡಾ 100.

“ಮೊನ್ನೆ ಮೊನ್ನೆ ಹಾಕಿದ ಡಿಸ್ಕ್ ಅಲ್ವಾ ಅದು?” ಮಾಷ್ಟ್ರು ಕೇಳಿದರು. ಹೌದು. ತಪ್ಪು ಡಿಸ್ಕಿನದಲ್ಲ, ಹಾಕಿದವನದು. ಇಡೀ 512 ಜಿಬಿಯನ್ನು ಒಂದೇ ಪಾರ್ಟಿಶನ್ ಮಾಡಿ, ಎಲ್ಲವನ್ನೂ ಅದರಲ್ಲೇ ಬಿಟ್ಟಿದ್ದೆ. (ಪೆಟ್ಟಿಗೆಯ ಮೇಲಿನ 512 ಸಿಸ್ಟಮ್ಮಿನ ಲೆಕ್ಕದಲ್ಲಿ 476. ಇನ್ನು ಮುಂದೆ ಕೊಡುವ ಗಾತ್ರ ಹೆಚ್ಚಾಗಿ ಸಿಸ್ಟಮ್ಮಿನ ಲೆಕ್ಕದ್ದು.)

ಫೋಲ್ಡರಿನ ಗಾತ್ರ ಹೇಳುವ ಡಿಯು ಹಿಡಿದು ಒಂದೊಂದೇ ಕೋಣೆ ಇಣುಕಿದೆ. ಧ್ವನಿ 170 ಜಿಬಿ, ಸ್ಕ್ಯಾನ್ 75, ಡಾಕರ್ ಇಮೇಜುಗಳೂ ಅವನ್ನು ಕಟ್ಟುವಾಗ ಉಳಿಯುವ ಬಿಲ್ಡ್ ಕ್ಯಾಶೂ ಸೇರಿ 60, ಡೇಟಾಬೇಸ್ 9, ಓಎಸ್ 11. ಕಡತಗಳ ಲೆಕ್ಕ ಇಡಲು ಸಿಸ್ಟಮ್ಮೇ ತೆಗೆದುಕೊಂಡದ್ದು ಬಿಟ್ಟು ಉಳಿದ 143 ಜಿಬಿ ಒಂದೇ ಒಂದು ಕಡತ! /ವಾರ್/ಲಿಬ್/ಡಾಕರ್/ಕಂಟೇನರ್ಸ್ ಒಳಗೆ, ಅರುವತ್ತನಾಲ್ಕು ಅಕ್ಷರದ ಹೆಸರಿನ ಫೋಲ್ಡರಿನಲ್ಲಿ ಕೂತ ಜೇಸನ್ ಲಾಗ್, ಅಂದರೆ ಕಂಟೇನರ್ ಹೇಳಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಕಡತ. ಟೆಸೆರಾಕ್ಟ್ ಕಂಟೇನರಿಗೆ ಎಲ್ಲೋ ಒಂದು ಮುರುಕು ಸ್ಕ್ಯಾನ್ ಸಿಕ್ಕಿದೆ. ಓದಲಾಗದೆ ದೂರು ಬರೆಯುತ್ತದೆ, ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ, ಮತ್ತೆ ದೂರು. ನಡುವೆ ಒಂದು ಸೆಕೆಂಡು ಉಸಿರು ತೆಗೆಯುವಂತೆ ನಾನು ಸ್ಕ್ರಿಪ್ಟಿನಲ್ಲಿ ಬರೆದಿರಲಿಲ್ಲ. ಸೆಕೆಂಡಿಗೆ ನೂರಾರು ಸಾಲಿನಂತೆ ಮೂರು ವಾರ.

ಡಾಕರಿನ ಜೇಸನ್-ಫೈಲ್ ಲಾಗ್ ಡ್ರೈವರಿಗೆ ನಾವಾಗಿ ಹೇಳದಿದ್ದರೆ ಗಾತ್ರದ ಮಿತಿ ಎಂಬುದೇ ಇಲ್ಲ. ಇನ್ನೊಂದು ಮಾತೂ ಅವತ್ತೇ ಮನದಟ್ಟಾಯಿತು. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಕಡತ ಜೋಡಿಸಿಡುವ ವ್ಯವಸ್ಥೆ) ಶೇಕಡಾ 5 ಜಾಗವನ್ನು ಸಿಸ್ಟಮ್ಮಿನ ಯಜಮಾನನಾದ ರೂಟ್ ಬಳಕೆದಾರನಿಗೆಂದು ಮೀಸಲಿಡುತ್ತದೆ, ಡಿಸ್ಕ್ ತುಂಬಿದರೂ ಅಷ್ಟು ಕೈಯಲ್ಲಿರುತ್ತದೆ ಎಂದು ನಾನು ನೆಚ್ಚಿಕೊಂಡಿದ್ದೆ. ಆದರೆ ಲಾಗ್ ಬರೆಯುವ ಡಾಕರ್ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ನಡೆಯುವ ಅದರ ಮುಖ್ಯ ಪ್ರೋಗ್ರಾಮು, ಓಡುವುದೇ ರೂಟ್ ಆಗಿ. ಆ ಮೀಸಲನ್ನೂ ಅದೇ ತಿಂದು ಮುಗಿಸಿತ್ತು. ಪೋಸ್ಟ್‌ಗ್ರೆಸ್ ಬರೆಯಲು ಜಾಗೆಯಿಲ್ಲದೆ ಕೈಚೆಲ್ಲಿತು, ಅದನ್ನು ನಂಬಿದ ಉಳಿದವೆಲ್ಲ ಹಿಂದಿನಿಂದ ಬಿದ್ದವು.

ಗಡಿಬಿಡಿಯಲ್ಲಿ ಆ ಲಾಗ್ ಕಡತವನ್ನು ಅಳಿಸಿದೆ. ಡಿಎಫ್ ಮತ್ತೆ ಶೇಕಡಾ 100! ಕಡತದ ಹೆಸರು ಹೋಗಿದೆ, ಡಾಕರ್ ಅದನ್ನು ತೆರೆದು ಹಿಡಿದುಕೊಂಡೇ ಇದೆ, ಜಾಗ ಬಿಡುಗಡೆಯಾಗಿಲ್ಲ. ತೆರೆದಿರುವ ಕಡತ ತೋರಿಸುವ ಎಲ್‌ಎಸ್‌ಓಎಫ್ ಕೊಟ್ಟರೆ ‘ಡಿಲೀಟೆಡ್’ ಎಂಬ ಹಣೆಪಟ್ಟಿಯೊಂದಿಗೆ 143 ಜಿಬಿ ಹಾಗೇ ಕೂತಿತ್ತು. ಅಳಿಸುವ ಬದಲು ಟ್ರಂಕೇಟ್ ಕಮಾಂಡಿನಿಂದ ಸೊನ್ನೆಗೆ ಇಳಿಸಿದ್ದರೆ ಆ ಕ್ಷಣಕ್ಕೇ ಜಾಗ ಸಿಗುತ್ತಿತ್ತು. ಈಗ ಡಾಕರನ್ನೇ ಒಮ್ಮೆ ನಿಲ್ಲಿಸಬೇಕಾಯಿತು.

ಎಂಟೂಮುಕ್ಕಾಲಿಗೆ ಕೂಟ ಮತ್ತೆ ಕೇಳಿತು. ಮಾಷ್ಟ್ರು ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಾಕಿಕೊಂಡರು. ನಾನು ಹಾಳೆ ಪೆನ್ನು ಕೇಳಿ ತೆಗೆದುಕೊಂಡೆ.

ಪಾಲು ಮಾಡುವ ಮೊದಲು

ನಮ್ಮಲ್ಲಿ ಆಸ್ತಿ ಪಾಲಾಗುವಾಗ ಮೊದಲು ಅಳತೆ, ಆಮೇಲೆ ಮಾತು. ಇಲ್ಲಿಯೂ ಹಾಗೆ. ಆದರೆ ಯಾವ ಕಂಟೇನರಿಗೆ ಎಷ್ಟು ಎಂದು ಕೇಳುತ್ತ ಹೋದರೆ ಲೆಕ್ಕ ದಾರಿ ತಪ್ಪುತ್ತದೆ. ಹಾಳೆಯಲ್ಲಿ ನಾನು ಒಂಬತ್ತು ಸಾಲು ಬರೆದೆ, ಎಲ್ಲ ಹೊಡೆದುಹಾಕಿ ಮತ್ತೆ ಒಂದೇ ಪ್ರಶ್ನೆ ಬರೆದೆ: ಇದು ಹೋದರೆ ಮತ್ತೆ ಎಲ್ಲಿಂದ ಸಿಗುತ್ತದೆ?

ಇಮೇಜು ಹೋದರೆ ನೆಟ್ಟಿನಿಂದ ಮತ್ತೆ ಇಳಿಸಬಹುದು. ಲಾಗ್ ಹೋದರೆ ಹೋಗಲಿ. ಪುಟಗಳ ಸಣ್ಣ ಚಿತ್ರ, ಟೆಸೆರಾಕ್ಟ್ ಓದಿದ ಪಠ್ಯ ಹೋದರೆ ಸ್ಕ್ಯಾನಿನಿಂದ ಪುನಃ ತೆಗೆಯಬಹುದು, ಕೆಲವು ದಿನ ಸಿಪಿಯು ಬಿಸಿಯಾಗುತ್ತದೆ ಅಷ್ಟೆ. ಡೇಟಾಬೇಸಿನಲ್ಲಿರುವುದು ಮಾಷ್ಟ್ರು ಎರಡು ವರ್ಷ ಕೂತು ಹೊಡೆದ ವಿವರ, ಯಾವ ಊರ ಕೂಟ, ಯಾರ ಅರ್ಥ, ಯಾರ ಭಾಗವತಿಕೆ. ಅದರ ಪೂರ್ತಿ ಪ್ರತಿ ದಿನಾ ಡಂಪ್ ಆಗಬೇಕು. ಇನ್ನು ಕ್ಯಾಸೆಟ್ಟಿನಿಂದ ಇಳಿಸಿದ ಧ್ವನಿ! ಎಷ್ಟೋ ಟೇಪುಗಳು ಆ ಒಂದು ಸಲ ಓಡಿದ್ದೇ ಕೊನೆ, ಆಮೇಲೆ ಡೆಕ್ಕಿನಲ್ಲಿ ಸುತ್ತಿಕೊಂಡು ತುಂಡಾದವು. ಅದಕ್ಕೆ ಮತ್ತೊಂದು ಮೂಲವೇ ಇಲ್ಲ.

ಹೀಗೆ ನೋಡಿದಾಗ ಒಂಬತ್ತು ಕಂಟೇನರ್ ನಾಲ್ಕೈದು ಪತ್ತಾಯ, ಅಂದರೆ ಭತ್ತ ತುಂಬುವ ಕಣಜಗಳಾದವು. ಮುಖ್ಯವಾಗಿ, ಬಿಸಾಡಬಹುದಾದದ್ದು ತುಂಬಿ ಉಕ್ಕಿದರೂ ಬಿಸಾಡಲಾಗದ್ದಕ್ಕೆ ತಾಗಬಾರದು.

4 ಟಿಬಿಯ ಎರಡು ಹಾರ್ಡ್ ಡಿಸ್ಕ್ ತಂದೆವು, ಒಂದಕ್ಕೊಂದು ಪ್ರತಿಬಿಂಬವಾಗಿ ರೇಡ್ 1. ಕೈಗೆ ಸಿಗುವ ಜಾಗ 3,725 ಜಿಬಿ. ಎಸ್‌ಎಸ್‌ಡಿ ಮೇಲೆ ಒಂದು, ಈ ಜೋಡಿಯ ಮೇಲೆ ಇನ್ನೊಂದು ಎಂದು ಎರಡು ಎಲ್‌ವಿಎಂ ಗುಂಪು. ಎಲ್‌ವಿಎಂ ಅಂದರೆ ಡಿಸ್ಕಿನ ಜಾಗವನ್ನು ವಾಲ್ಯೂಮ್ ಎಂಬ ಪಾಲುಗಳಾಗಿ ಹಂಚುವ ವ್ಯವಸ್ಥೆ. ಅದೇ ಏಕೆಂದರೆ ಪಾಲು ಹಂಚಿದ ಮೇಲೆ ಬೇಲಿ ಸರಿಸಲು ಬರುತ್ತದೆ. ಥಿನ್ ಪೂಲ್ ಮಾಡು ಎಂದು ಒಬ್ಬ ಗೆಳೆಯ ಹೇಳಿದ್ದ, ಮಾಡಲಿಲ್ಲ. ಇಲ್ಲದ ಜಾಗವನ್ನು ಇದೆಯೆಂದು ಎಲ್ಲರಿಗೂ ತೋರಿಸುವ ವ್ಯವಸ್ಥೆ ಅದು. ಪೂಲ್ ತುಂಬಿದ ದಿನ ಒಳಗಿರುವ ಎಲ್ಲ ವಾಲ್ಯೂಮುಗಳಿಗೂ ಏಟು. ದಿನಾ ಕಣ್ಣಿಡುವ ಜನ ಇರುವಲ್ಲಿ ಸರಿ. ನಮ್ಮಲ್ಲಿ ಕಣ್ಣಿಡುವವನು ನಾನು, ಅದೂ ಫೋನು ಬಂದ ಮೇಲೆ.

ಎಸ್‌ಎಸ್‌ಡಿಯ ಲೆಕ್ಕ ಹೀಗೆ ಬಂತು. ಓಎಸ್ ಕೂರುವ ರೂಟ್ ಪಾಲಿಗೆ 40 ಜಿಬಿ, ಬೂಟಿಗೆ 1, ಸ್ವಾಪ್ 8, /ವಾರ್/ಲಾಗ್ 10. ಡಾಕರಿಗೆ 120. ಇಮೇಜುಗಳು 38 ಜಿಬಿ. ಅಪ್‌ಡೇಟ್ ಮಾಡುವಾಗ ಹೊಸದು ಪೂರ್ತಿ ಇಳಿದು ಹಳೆಯದನ್ನು ತೆಗೆಯುವವರೆಗೆ ಎರಡೂ ಇರುತ್ತವೆ, ಹಾಗಾಗಿ 76. ಬಿಲ್ಡ್ ಕ್ಯಾಶ್ 22. ಕಂಟೇನರುಗಳು ತಮ್ಮ ಮೇಲ್ಪದರದಲ್ಲಿ ಗೀಚುವುದಕ್ಕೆ ಉಳಿದದ್ದು. ಈ ಮೇಲ್ಪದರ ಎಂಬುದು ಮೋಸದ ಜಾಗ. ಡಾಕರ್ ಪದರಗಳನ್ನು ಜೋಡಿಸುವ ಓವರ್‌ಲೇ2ರಲ್ಲಿ ಕೆಳಗಿನ ಇಮೇಜಿನ ಒಂದು ಕಡತಕ್ಕೆ ಒಂದು ಅಕ್ಷರ ಸೇರಿಸಿದರೂ ಇಡೀ ಕಡತವೇ ಮೇಲಕ್ಕೆ ನಕಲಾಗುತ್ತದೆ. ನನ್ನದೇ ಒಂದು ಸ್ಕ್ರಿಪ್ಟ್ ಇಮೇಜಿನೊಳಗಿದ್ದ 2 ಜಿಬಿಯ ಎಸ್‌ಕ್ಯೂಲೈಟ್ ಕಡತವನ್ನು ಮುಟ್ಟುತ್ತಿತ್ತು. ಪ್ರತಿ ಕಂಟೇನರಿಗೆ 2 ಜಿಬಿ ಏಕೆ ಹೋಗುತ್ತದೆಂದು ಎರಡು ದಿನ ಹುಡುಕಿದ್ದೇನೆ. ಬರೆಯುವಂಥ ಯಾವುದೂ ಇಮೇಜಿನೊಳಗೆ ಇರಬಾರದು, ವಾಲ್ಯೂಮಿಗೆ ಬರಬೇಕು.

ಡೇಟಾಬೇಸಿಗೆ 40 ಜಿಬಿ. ಇರುವುದು 9, ಕೊಡುವುದು 40 ಎಂದರೆ ಧಾರಾಳತನ ಅನಿಸಬಹುದು. ಪೋಸ್ಟ್‌ಗ್ರೆಸ್ಸಿನಲ್ಲಿ ವ್ಯರ್ಥವಾದ ಜಾಗ ಹಿಂದೆ ಪಡೆಯುವ ವ್ಯಾಕ್ಯೂಮ್ ಫುಲ್ ಕೊಟ್ಟರೆ ಟೇಬಲ್ಲಿನ ಇನ್ನೊಂದು ಪ್ರತಿ ಬರೆದು ಆಮೇಲೆ ಹಳೆಯದನ್ನು ಬಿಡುತ್ತದೆ. ದೊಡ್ಡ ಆವೃತ್ತಿ ಬದಲಾಯಿಸುವಾಗಲೂ ಹಳೆಯದು ಹೊಸದು ಅಕ್ಕಪಕ್ಕ ಇರಬೇಕಾಗುತ್ತದೆ. ಪುಟಗಳ ಸಣ್ಣ ಚಿತ್ರಗಳಿಗೆ 20. ಒಟ್ಟು 239. ಮಿಕ್ಕ 237 ಜಿಬಿಯನ್ನು ಯಾರಿಗೂ ಕೊಡಲಿಲ್ಲ. “ಅರ್ಧ ಖಾಲಿ ಬಿಟ್ಟದ್ದಾ?” ಎಂದರು ಮಾಷ್ಟ್ರು. ಖಾಲಿ ಬಿಟ್ಟದ್ದೇ. ವಾಲ್ಯೂಮ್ ಹಿಗ್ಗಿಸುವುದು ಒಂದು ಕಮಾಂಡಿನ ಕೆಲಸ, ಸರ್ವರ್ ಓಡುತ್ತಿರುವಾಗಲೇ ಆಗುತ್ತದೆ. ಕುಗ್ಗಿಸುವುದು ಹಾಗಲ್ಲ. ಇಎಕ್ಸ್‌ಟಿ4 ಆದರೆ ಕಳಚಿಟ್ಟು ಕುಗ್ಗಿಸಬಹುದು, ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಆದರೆ ಆ ದಾರಿಯನ್ನು ನಂಬಿ ಕೂರುವಂತಿಲ್ಲ.

ಹಾರ್ಡ್ ಡಿಸ್ಕಿನ ಲೆಕ್ಕ ಸುಲಭ, ಧ್ವನಿಗೆ ಗುಣಾಕಾರ ಸಾಕು. 24 ಬಿಟ್, 48 ಕಿಲೋಹರ್ಟ್ಸ್, ಎರಡು ಚಾನೆಲ್ ಎಂದರೆ ಸೆಕೆಂಡಿಗೆ 2,88,000 ಬೈಟ್, ಗಂಟೆಗೆ ಸುಮಾರು 1.04 ಜಿಬಿ. ಪೆಟ್ಟಿಗೆಗಳಲ್ಲಿ 700 ಕ್ಯಾಸೆಟ್, ಒಂದೊಂದು 90 ನಿಮಿಷ, ಅಂದರೆ 1,050 ಗಂಟೆ. ಗುಣ ಕೆಡದಂತೆ ಗಾತ್ರ ಇಳಿಸುವ ಫ್ಲ್ಯಾಕ್ ರೂಪಕ್ಕೆ ಮಾಡುವ ಮೊದಲು ಸಾವಿರ ಜಿಬಿ ದಾಟುತ್ತದೆ. ಫ್ಲ್ಯಾಕ್ ಮಾಡಿದರೆ ಇಳಿಯುತ್ತದೆ, ಆದರೆ ಹಳೆ ಕ್ಯಾಸೆಟ್ಟಿನ ‘ಸ್ಸ್’ ಎಂಬ ಸದ್ದು ಸುಲಭಕ್ಕೆ ಅಮುಕುವ ಪೈಕಿಯಲ್ಲ, ಹೆಚ್ಚು ಆಸೆ ಇಟ್ಟುಕೊಳ್ಳಲಿಲ್ಲ. ಸಂಗ್ರಹಕ್ಕೆ 1,400, ಸ್ಕ್ಯಾನಿಗೆ 300. ಎರಡು ಡೆಕ್ಕಿನಲ್ಲಿ ದಿನಕ್ಕೆ ಆರು ಕ್ಯಾಸೆಟ್ ಇಳಿಯುತ್ತವೆ, ವಾರದ ಆರು ದಿನಕ್ಕೆ ಸುಮಾರು 56 ಜಿಬಿ. ಕತ್ತರಿಸಿ ಸರಿಮಾಡಿದ ಪ್ರತಿಯೂ ಸೇರಿದರೆ ದುಪ್ಪಟ್ಟು. ಆ ಹಸಿ ಸರಕು ಕೂರಲು 200. ಉಳಿದ 1,825 ಜಿಬಿ ಖಾಲಿ.

ಕಟ್ಟಿದ್ದು

ಇರುವ ಸರಕನ್ನು ಮೊದಲು ಹಾರ್ಡ್ ಡಿಸ್ಕಿಗೆ ಸಾಗಿಸಿ, ಎಸ್‌ಎಸ್‌ಡಿ ಅಳಿಸಿ, ಓಎಸ್ ಹೊಸದಾಗಿ ಹಾಕಿದೆ. ಸಾಗಿಸುವಾಗ ಡಾಕರ್ ಸರ್ವಿಸ್ ನಿಲ್ಲಿಸಿದರೆ ಸಾಲದು. ಡಾಕರ್ ಸಾಕೆಟ್ ಕೂಡ ನಿಲ್ಲಿಸಬೇಕು. ಇಲ್ಲದಿದ್ದರೆ ಯಾರೋ ಒಮ್ಮೆ ಡಾಕರ್ ಕಮಾಂಡ್ ಒತ್ತಿದರೆ ಸರ್ವಿಸ್ ತಾನೇ ಎದ್ದು ನಿಲ್ಲುತ್ತದೆ, ನಕಲಾಗುತ್ತಿರುವ ಡೇಟಾಬೇಸ್ ಅರ್ಧಂಬರ್ಧವಾಗುತ್ತದೆ. ಇಮೇಜುಗಳನ್ನು ಸಾಗಿಸಲಿಲ್ಲ. ಮತ್ತೆ ಸಿಗುವುದನ್ನು ಹೊತ್ತು ತಿರುಗುವುದೇಕೆ? ಒಂದು ರಾತ್ರಿ ಇಳಿಯಲು ಬಿಟ್ಟೆ. ಒಂದು ಇಮೇಜು ಮಾತ್ರ ಬಿಟ್ಟು. ಅದನ್ನು ನಾನೇ ಕಟ್ಟಿದ್ದು, ಕಟ್ಟುವ ವಿಧಾನ ಬರೆದ ಅದರ ಡಾಕರ್‌ಫೈಲ್ ಎಲ್ಲಿದೆಯೆಂದು ಇವತ್ತಿಗೂ ಗೊತ್ತಿಲ್ಲ. ಡಾಕರ್ ಸೇವ್ ಮಾಡಿ ಕಟ್ಟಿ ಒಯ್ದೆ.

ಲಾಗಿಗೆ ಡೀಮನ್ನಿನ ಸೆಟ್ಟಿಂಗ್ ಕಡತದಲ್ಲಿ ಮಿತಿ ಹಾಕಿದೆ, 10 ಎಂಬಿಯ 3 ಕಡತ. 9 ಕಂಟೇನರಿಗೆ 270 ಎಂಬಿ, ಮುಗಿಯಿತು. ಈ ಮಿತಿ ಹೊಸದಾಗಿ ಹುಟ್ಟುವ ಕಂಟೇನರಿಗೆ ಮಾತ್ರ ತಾಗುತ್ತದೆ. ಹಳೆಯದನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದು ಹಳೇ ಚಾಳಿಯಲ್ಲೇ ಇರುತ್ತದೆ, ತೆಗೆದು ಪುನಃ ಸೃಷ್ಟಿಸಬೇಕು. ‘ಲೋಕಲ್’ ಎಂಬ ಲಾಗ್ ಡ್ರೈವರ್ ಹಾಕಿದರೆ ಏನೂ ಹೇಳದೆಯೂ ಅದು ಕಂಟೇನರಿಗೆ 100 ಎಂಬಿಯ ಒಳಗೇ ಇಟ್ಟುಕೊಳ್ಳುತ್ತದೆ. ನಾನು ಜೇಸನನ್ನೇ ಉಳಿಸಿಕೊಂಡೆ, ಕಡತ ನೇರ ಓದುವ ನನ್ನ ಎರಡು ಸ್ಕ್ರಿಪ್ಟುಗಳಿಗೆ ಅದೇ ಬೇಕು.

ಪೋಸ್ಟ್‌ಗ್ರೆಸ್ ಹೊಸ ವಾಲ್ಯೂಮಿನಲ್ಲಿ ಏಳಲೇ ಇಲ್ಲ. ಡೈರೆಕ್ಟರಿ ಖಾಲಿಯಿಲ್ಲ ಎಂದಿತು. ಆಗಷ್ಟೇ ಫಾರ್ಮ್ಯಾಟ್ ಮಾಡಿದ್ದು, ಖಾಲಿಯಿಲ್ಲದೆ ಏನು? ನೋಡಿದರೆ ಇಎಕ್ಸ್‌ಟಿ4 ತಾನಾಗಿ ಇಡುವ ‘ಲಾಸ್ಟ್ ಪ್ಲಸ್ ಫೌಂಡ್’ ಫೋಲ್ಡರ್. ವಾಲ್ಯೂಮಿನ ಬುಡವನ್ನೇ ಕೊಡದೆ ಒಳಗೊಂದು ಫೋಲ್ಡರ್ ಮಾಡಿ ಅದನ್ನು ಕೊಟ್ಟರೆ ಆಯಿತು. ಪೋಸ್ಟ್‌ಗ್ರೆಸ್ 18ರ ಇಮೇಜಿಗೆ ಹೋಗುವವರು ಮಾತ್ರ ನೋಡಿಕೊಳ್ಳಿ, ವಾಲ್ಯೂಮ್ ಕೂರುವ ದಾರಿ ಬದಲಾಗಿದೆ, ಕೊನೆಯ ‘ಡೇಟಾ’ ಇಲ್ಲ. ಕಂಟೇನರಿನೊಳಗಿನ ದಾರಿ ತಪ್ಪಿದರೆ ಡೇಟಾ ನಾವು ಕೊಟ್ಟ ವಾಲ್ಯೂಮಿಗೆ ಹೋಗದೆ ಹೆಸರಿಲ್ಲದ ಯಾವುದೋ ವಾಲ್ಯೂಮಿನಲ್ಲಿ ಕೂತೀತು.

ಎಣಿಕೆ ತಪ್ಪಿದ ಪತ್ತಾಯ

ಒಂದು ತಿಂಗಳು ಸುಖ. ಆಮೇಲೆ ಸಣ್ಣ ಚಿತ್ರಗಳ ಕೆಲಸ ನಿಂತಿತು, ‘ಡಿವೈಸಿನಲ್ಲಿ ಜಾಗೆಯಿಲ್ಲ’. ಡಿಎಫ್ ನೋಡಿದರೆ ಆ 20 ಜಿಬಿಯಲ್ಲಿ ಖರ್ಚಾದದ್ದು ಶೇಕಡಾ 41.

ಈ ಸಲ ಬೇಗ ಹೊಳೆಯಿತು. ಡಿಎಫ್‌ಗೆ ‘ಐ’ ಆಯ್ಕೆ ಕೊಟ್ಟೆ, ಐನೋಡ್ (ಒಂದೊಂದು ಕಡತದ ವಿವರ ಬರೆದಿಡುವ ಚೀಟಿ) ಶೇಕಡಾ 100. ಇಎಕ್ಸ್‌ಟಿ4 ಫಾರ್ಮ್ಯಾಟ್ ಆಗುವಾಗಲೇ ಸಾಮಾನ್ಯವಾಗಿ 16,384 ಬೈಟಿಗೆ ಒಂದರಂತೆ ಐನೋಡ್ ಎಣಿಸಿಟ್ಟುಬಿಡುತ್ತದೆ. 20 ಜಿಬಿಗೆ 13,10,720. ಒಂದು ಕಡತಕ್ಕೆ ಒಂದು ಐನೋಡ್. ನಮ್ಮದು ಪುಟಕ್ಕೆ ಮೂರು ಅಳತೆಯ ಚಿತ್ರ, ಒಂದು ಪಠ್ಯ, ಒಂದು ಅಕ್ಷರಗಳ ಸ್ಥಾನ ಹೇಳುವ ಕಡತ, ಒಟ್ಟು ಐದು. ಮೂರು ಲಕ್ಷ ಪುಟಗಳಲ್ಲಿ 2.6 ಲಕ್ಷಕ್ಕೆ ಬರುವಾಗ ಎಣಿಕೆ ಮುಗಿಯಿತು. ಪತ್ತಾಯದಲ್ಲಿ ಭತ್ತ ಅರ್ಧವೂ ಇಲ್ಲ, ಆದರೆ ಚೀಟಿ ಅಂಟಿಸಿದ ಮುಡಿಗಳಷ್ಟೇ ಇಡಬಹುದು, ಚೀಟಿ ಖರ್ಚಾಗಿದೆ.

ಹಿಗ್ಗಿಸಿದ್ದರೆ ಐನೋಡೂ ಹೆಚ್ಚುತ್ತಿತ್ತು. ಆದರೆ ಇದು ಮತ್ತೆ ಸಿಗುವ ಪೈಕಿ. ಅಳಿಸಿ ಎಕ್ಸ್‌ಎಫ್‌ಎಸ್ ಹಾಕಿದೆ, ಅದು ಐನೋಡನ್ನು ಬೇಕಾದಂತೆ ಹುಟ್ಟಿಸಿಕೊಳ್ಳುತ್ತದೆ. ಟೆಸೆರಾಕ್ಟ್ ಮತ್ತೆ ಮೊದಲಿನಿಂದ ಓಡಿತು, ಆ ವಾರ ಲೈಬ್ರರಿಯ ಒಳಕೋಣೆಯಲ್ಲಿ ಹಪ್ಪಳ ಒಣಗಿಸಬಹುದಿತ್ತು. ಡಾಕರಿನ 120 ಜಿಬಿ ಮೊದಲೇ ಎಕ್ಸ್‌ಎಫ್‌ಎಸ್ ಆಗಿತ್ತು, ಇಮೇಜುಗಳಲ್ಲಿಯೂ ಪುಡಿ ಕಡತಗಳೇ ಜಾಸ್ತಿ.

ಕಾಣೆಯಾದ ಎರಡು ಕ್ಯಾಸೆಟ್

ತುಲಾ ತಿಂಗಳಲ್ಲಿ ಮಧ್ಯಾಹ್ನ ಮೇಲೆ ಸಿಡಿಲು ಇಲ್ಲಿ ದಿನಚರಿ. ಒಂದು ಸಂಜೆ ಕರೆಂಟು ಹೋಗಿ ಯುಪಿಎಸ್ಸೂ ಸೋತಿತು. ಮರುದಿನ ಮಾಷ್ಟ್ರೇ ಬಟನ್ ಒತ್ತಿ ಸರ್ವರ್ ಎಬ್ಬಿಸಿದರು, ರೆಕಾರ್ಡಿಂಗ್ ನೋಡಿಕೊಳ್ಳುವ ಹುಡುಗಿ ಎರಡು ಕ್ಯಾಸೆಟ್ ಇಳಿಸಿದಳು, ಹಳೆಯ ಕೂಟಗಳು ಕಾಣುವುದಿಲ್ಲವೆಂದು ಫೋನು ಬಂತು. ಸಂಜೆ ಹೋಗಿ ಪೆಟ್ಟಿಗೆ ಬಿಚ್ಚಿದೆ. ಎರಡೂ ಹಾರ್ಡ್ ಡಿಸ್ಕಿಗೆ ಕರೆಂಟು ಕೊಡುವ ಕವಲು ವಯರ್ ಸಡಿಲ. ಒತ್ತಿ ಕೂರಿಸಿ ಮತ್ತೆ ಎಬ್ಬಿಸಿದೆ. ಹಳೆಯ ಕೂಟ ಎಲ್ಲ ಬಂತು, ಆ ದಿನ ಇಳಿಸಿದ ಎರಡು ಮಾಯ.

“ನಾನು ಸೇವ್ ಮಾಡಿದ್ದೇನೆ ಅಣ್ಣ, ಹಸಿರು ಗುರುತು ಸಹ ಬಂದಿದೆ,” ಅವಳ ಮುಖ ಸಣ್ಣಗಾಗಿತ್ತು. ಅವಳು ಹೇಳಿದ್ದು ನಿಜವೇ. ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲದಿರಲಿ ಎಂದು ಯಾವ ಡಿಸ್ಕ್ ಎಲ್ಲಿ ಕೂರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬಿನಲ್ಲಿ ‘ನೋಫೇಲ್’ ಬರೆದವನು ನಾನು. ಡಿಸ್ಕ್ ಬರಲಿಲ್ಲ, ಬೂಟ್ ಆಯಿತು, ಡಾಕರ್ ಎದ್ದಿತು, ಡಿಸ್ಕ್ ಕೂರಬೇಕಾದ ಖಾಲಿ ಫೋಲ್ಡರನ್ನೇ ಕಂಟೇನರಿಗೆ ಕೊಟ್ಟಿತು. ಧ್ವನಿ ಎಸ್‌ಎಸ್‌ಡಿಯ ರೂಟಿಗೆ ಬಿತ್ತು. ಸಂಜೆ ಡಿಸ್ಕ್ ಬಂದು ಅದರ ಮೇಲೆಯೇ ಕೂತಿತು. ಚಾಪೆಯಡಿಯ ಕಾಗದದ ಹಾಗೆ, ಇದೆ, ಕಾಣುವುದಿಲ್ಲ.

ರೂಟನ್ನು ಬೈಂಡ್ ಮೌಂಟ್ ಮಾಡಿ ಬೇರೊಂದು ಫೋಲ್ಡರಿನಲ್ಲಿ ತೆರೆದರೆ ಚಾಪೆಯಡಿ ಇಣುಕಬಹುದು. ಮಾಡಿದೆ. ಎರಡೂ ಇದ್ದವು, ಸುಮಾರು 3 ಜಿಬಿ. ಅವಳು ಹೋಗಿ ಚಹಾ ಮಾಡಿಕೊಂಡು ಬಂದಳು.

ಆ ರಾತ್ರಿಯೇ ಮೂರು ಬೀಗ ಹಾಕಿದೆ. ಡಿಸ್ಕ್ ಕಳಚಿರುವಾಗ ಆ ಖಾಲಿ ಫೋಲ್ಡರಿಗೆ ಸಿಎಚ್‌ಆಟರ್‌ನಿಂದ ‘ಐ’ ಗುರುತು ಕೊಟ್ಟೆ, ಆಮೇಲೆ ರೂಟ್ ಸಹ ಅದರಲ್ಲಿ ಬರೆಯಲಾಗದು. ಡಾಕರ್ ಸರ್ವಿಸಿಗೆ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಎಂಬ ಸಾಲು ಸೇರಿಸಿದೆ, ಆ ಡಿಸ್ಕ್ ಕೂರದೆ ಡಾಕರ್ ಏಳುವುದೇ ಇಲ್ಲ. ಕಂಟೇನರುಗಳ ವಿವರ ಬರೆದಿಡುವ ಕಂಪೋಸ್ ಕಡತದಲ್ಲಿ ಚಿಕ್ಕ ರೂಪ ಬಿಟ್ಟು ಉದ್ದ ರೂಪದಲ್ಲಿ ಬರೆದು, ಇಲ್ಲದ ದಾರಿಯನ್ನು ಹುಟ್ಟಿಸಬೇಡ ಎಂದು ಹೇಳಿದೆ. ಚಿಕ್ಕ ರೂಪದಲ್ಲಿ ದಾರಿಯ ಹೆಸರು ತಪ್ಪಾದರೂ ಡಾಕರ್ ಸುಮ್ಮನೆ ಒಂದು ಹೊಸ ಫೋಲ್ಡರ್ ಮಾಡಿಕೊಡುತ್ತದೆ, ನಮಗೆ ತಿಳಿಯುವುದಿಲ್ಲ. ಹೊಸ ಕವಲು ವಯರೂ ತಂದೆ, ಡಿಸ್ಕಿಗೊಂದರಂತೆ ಎರಡು.

ರೇಡ್ ಇದ್ದರೂ ಸಿಡಿಲಿಗೆ ಎರಡು ಡಿಸ್ಕ್ ಬೇರೆ ಬೇರೆ ಅಲ್ಲ. ರಾತ್ರಿ ಡೇಟಾಬೇಸಿನ ಡಂಪ್ ಹಾರ್ಡ್ ಡಿಸ್ಕಿಗೆ ಬರುತ್ತದೆ, ಆದಿತ್ಯವಾರ ಅದೂ ಧ್ವನಿಯೂ ಒಂದು ಹೊರಗಿನ ಡಿಸ್ಕಿಗೆ ಹೋಗುತ್ತದೆ, ಆ ಡಿಸ್ಕ್ ಮಾಷ್ಟ್ರ ಮನೆಯ ಕಬ್ಬಿಣದ ಕಪಾಟಿಗೆ. ಇಮೇಜು, ಲಾಗ್, ಸಣ್ಣ ಚಿತ್ರ ಯಾವುದೂ ಅದರಲ್ಲಿಲ್ಲ.

ಇನ್ನೊಂದು ಬಾಕಿ ಉಂಟು. ಡಾಕರಿನ ಹೊಸ ಆವೃತ್ತಿಗಳಲ್ಲಿ ಅದರ ಅಡಿಯಲ್ಲಿ ಕಂಟೇನರ್ ಓಡಿಸುವ ಕಂಟೇನರ್‌ಡಿಯ ಇಮೇಜ್ ಸ್ಟೋರ್ ಬಳಸಿದರೆ ಇಮೇಜುಗಳು ಕೂರುವುದು /ವಾರ್/ಲಿಬ್/ಕಂಟೇನರ್‌ಡಿಯಲ್ಲಿ, ಡಾಕರಿನ ಫೋಲ್ಡರಿನಲ್ಲಲ್ಲ. ಡಾಕರಿನ ಡೇಟಾ-ರೂಟ್, ಅಂದರೆ ಅದು ಸರಕಿಡುವ ಫೋಲ್ಡರ್, ಬದಲಿಸಿದರೂ ಅವು ಜೊತೆಗೆ ಬರುವುದಿಲ್ಲ. ನನ್ನ ಈ ಪಾಲಿನಲ್ಲಿ ಅದು 40 ಜಿಬಿಯ ರೂಟಿಗೆ ಬೀಳುತ್ತದೆ. ಅಪ್‌ಗ್ರೇಡ್ ಮಾಡುವ ಮೊದಲು ಅದಕ್ಕೊಂದು ಬೇರೆ ವಾಲ್ಯೂಮ್ ಮಾಡಿ ಕೂರಿಸಬೇಕು. ಎಸ್‌ಎಸ್‌ಡಿಯಲ್ಲಿ 237 ಹಾಗೇ ಇದೆ.

ಕಳೆದ ವಾರ ಮಾಷ್ಟ್ರು ಬೈಕಿನ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಅಂಗಡಿಗೇ ಬಂದರು. ಕುಂಬಳೆ ಕಡೆಯ ಯಾರದೋ ಮನೆಯಲ್ಲಿ ಸಿಕ್ಕಿದ್ದಂತೆ, ಇಡೀ ರಾತ್ರಿಯ ಆಟಗಳ 42 ಮಿನಿ ಡಿವಿ ವಿಡಿಯೊ ಟೇಪು, ಒಂದೊಂದು ಒಂದು ಗಂಟೆಯದು. “ಇದಕ್ಕೆ ಜಾಗೆ ಉಂಟಾ, ಇಲ್ಲವಾ?” ಗಂಟೆಗೆ ಸುಮಾರು 13 ಜಿಬಿ, 42 ಗಂಟೆ, 546. ಸಿಸ್ಟಮ್ಮಿನ ಲೆಕ್ಕದಲ್ಲಿ 508. ಅವರು ಚಹಾ ಮುಗಿಸುವುದರೊಳಗೆ ಅಂಗಡಿಯಿಂದಲೇ 560 ಜಿಬಿಯ ಹೊಸ ವಾಲ್ಯೂಮ್ ಮಾಡಿ ಕೂರಿಸಿದೆ. ಈಗ ಹುಡುಕುತ್ತಿರುವುದು ಆ ಟೇಪುಗಳನ್ನು ಇಳಿಸಲು ಬೇಕಾದ ಫೈರ್‌ವೈರ್ ಪೋರ್ಟ್ ಇರುವ ಒಂದು ಹಳೆ ಕಂಪ್ಯೂಟರನ್ನು.